ಹಗಲು ರೈಲಿಗೆ ಒಂದು ವೋಟು

ಹೋದ ವಾರ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಪೋಲ್ ಬಂತು. ಸೆಮಿಸ್ಟರ್ ಮುಗಿದ ಮೇಲೆ ಮಂಗಳೂರು ಟ್ರಿಪ್. ಹೋಗೋದು ಹೇಗೆ? ರಾತ್ರಿ ಎಸಿ ಸ್ಲೀಪರ್ ಬಸ್ಸಾ, ಹಗಲು ರೈಲಾ? ಅರ್ಧ ಗಂಟೆಯಲ್ಲಿ ತೀರ್ಮಾನ ಆಗಿಹೋಯ್ತು. ಬಸ್ಸಿಗೆ 38, ರೈಲಿಗೆ 5. ಆ ಐದರಲ್ಲಿ ಒಂದು ಕೈತಪ್ಪಿ ಒತ್ತಿದ್ದು ಅಂತ ಆಮೇಲೆ ಗೊತ್ತಾಯ್ತು. ಉಳಿದ ನಾಲ್ಕರಲ್ಲಿ ನಮ್ಮದೂ ಒಂದು.

"ಘಾಟಿ ನೋಡೋಕೆ ತಾನೇ ಹೋಗ್ತಿರೋದು? ರಾತ್ರಿ ಹೋದ್ರೆ ಏನು ಕಾಣುತ್ತೆ?" ಅಂತ ನಾವು ಕೇಳಿದ್ವಿ. ಒಬ್ಬ ನಗೋ ಇಮೋಜಿ ಹಾಕಿದ. ಇನ್ನೊಬ್ಬಳು, "ಹತ್ತು ಗಂಟೆ ಕೂತ್ಕೊಂಡು ಹೋಗೋಕೆ ನಾನೇನು ರಿಟೈರ್ ಆಗಿದೀನಾ?" ಅಂದ್ಲು. ಅದಕ್ಕೆ 14 ಲೈಕ್. ಗ್ರೂಪಲ್ಲಿ ಉದ್ದ ಉತ್ತರ ಬರೆದ್ರೆ ಯಾರೂ ಓದಲ್ಲ. ಅದಕ್ಕೇ ಸಂಘದ ಪತ್ರಿಕೆಗೆ ಬರೀತಿದೀವಿ. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದವರು, ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲೇ ಹೇಳಿಬಿಡ್ತೀವಿ, ನಮಗೆ ರೈಲಿನ ಹುಚ್ಚು ಇಲ್ಲ. ನಮ್ಮದು ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಅಂತ ಸಮಾಜ ಪುಸ್ತಕದಲ್ಲಿ ಒಂದು ಸಾಲಲ್ಲಿ ಬಂದು ಹೋಗುತ್ತಲ್ಲ, ಅದೇ. ಊರಲ್ಲಿ ಹಳೇ ಕೋಟೆ ಇದೆ, ಹತ್ತಿರದಲ್ಲಿ ಮಾರ್ಕಂಡೇಯ ಜಲಾಶಯ ಇದೆ, ರೈಲ್ವೆ ಸ್ಟೇಷನ್ ಇಲ್ಲ. ರೈಲು ಬೇಕು ಅಂದ್ರೆ ಹತ್ತು-ಹನ್ನೆರಡು ಕಿಲೋಮೀಟರ್ ಬಸ್ಸಲ್ಲೋ ಬೈಕಲ್ಲೋ ಬಂಗಾರಪೇಟೆಗೆ ಬರಬೇಕು. ಹಾಗಾಗಿ ನಮ್ಮೂರವರ ಯಾವ ಪ್ರಯಾಣವೂ ಬಸ್ಸಿಂದಲೇ ಶುರು. ಬಸ್ಸನ್ನ ಬೈಯೋಕೆ ನಮಗೆ ಬಾಯಿ ಬರಲ್ಲ.

ಸ್ಲೀಪರ್ ಬಸ್ಸಿನ ಪರವಾಗಿ ಇರೋ ಮಾತುಗಳೂ ನಮಗೆ ಗೊತ್ತು. ರಾತ್ರಿ ಹತ್ತಕ್ಕೆ ಹತ್ತಿ ಮಲಗಿದ್ರೆ ಬೆಳಿಗ್ಗೆ ಮಂಗಳೂರು. ಒಂದು ದಿನ ಉಳೀತು, ಒಂದು ರಾತ್ರಿಯ ರೂಮ್ ಬಾಡಿಗೆ ಉಳೀತು. ಎಲ್ಲಾ ಸೇರಿ ಒಂದು ಬಸ್ ಬುಕ್ ಮಾಡಿದ್ರೆ ಕಾಲೇಜ್ ಗೇಟಿಗೇ ಬರುತ್ತೆ. ಹಗಲು ರೈಲು ಹಿಡಿಯೋಕೆ ಬೆಳಿಗ್ಗೆ ಏಳರ ಹೊತ್ತಿಗೆ ಯಶವಂತಪುರದಲ್ಲಿರಬೇಕು. ನಮ್ಮ ಕಡೆಯವರಿಗೆ ಅದು ಸುಲಭ ಅಲ್ಲ. ಹಿಂದಿನ ರಾತ್ರಿಯೇ ಬೆಂಗಳೂರಿಗೆ ಹೋಗಿ ಯಾರದಾದ್ರೂ ಮನೆಯಲ್ಲಿ ಚಾಪೆ ಹಾಸ್ಕೋಬೇಕು. ಮಂಗಳೂರು ಮುಟ್ಟೋದು ಸಾಯಂಕಾಲ. ಲೆಕ್ಕ ಹಾಕಿದ್ರೆ ಬಸ್ಸೇ ಗೆಲ್ಲುತ್ತೆ, ಒಪ್ಪಿದ್ವಿ.

ಆದ್ರೆ ಆ ಲೆಕ್ಕದಲ್ಲಿ ಒಂದು ಕಾಲಮ್ ಬಿಟ್ಟುಹೋಗಿದೆ. ಟ್ರಿಪ್ಪಿನ ಪೋಸ್ಟರಲ್ಲಿ ನಮ್ಮವರೇ ಹಾಕಿರೋ ಫೋಟೋ ಯಾವುದು ಗೊತ್ತಾ? ಮಂಜು ತುಂಬಿದ ಕಣಿವೆ, ಕಮಾನು ಸೇತುವೆ, ಅದರ ಮೇಲೆ ರೈಲು. ಸಕಲೇಶಪುರ ಘಾಟಿ. ನಮ್ಮ ಸ್ಲೀಪರ್ ಬಸ್ಸು ಅದೇ ಸಕಲೇಶಪುರ ದಾಟಿ ಶಿರಾಡಿ ಇಳಿಯೋದು ರಾತ್ರಿ ಎರಡೋ ಮೂರೋ ಗಂಟೆಗೆ. ಪರದೆ ಎಳೆದಿರುತ್ತೆ, ಎಸಿ ನೀರು ಗಾಜಿನ ಮೇಲೆ ಇಳೀತಿರುತ್ತೆ, ತಿರುವು ಬಂದಾಗೆಲ್ಲ ಮಲಗಿದ್ದವರು ಪಕ್ಕದವರ ಮೇಲೆ ಉರುಳ್ತಾರೆ. ಪೋಸ್ಟರಲ್ಲಿ ತೋರಿಸಿದ್ದನ್ನ ನಿದ್ದೆಯಲ್ಲಿ ದಾಟಿ ಹೋಗೋದಕ್ಕೆ ನಾವು ದುಡ್ಡು ಕೊಡ್ತಿದೀವಿ.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ, ಫೀಸ್ ಕಟ್ಟಿದೀವಲ್ಲ. ಅದೇ ಘಾಟಿಯನ್ನ ರಸ್ತೆ ಒಂದು ಥರ ಇಳಿಯುತ್ತೆ, ರೈಲು ಇನ್ನೊಂದು ಥರ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಮ್ಮಿ. ಒಣ ರಸ್ತೆಯಲ್ಲಿ ಟೈರಿಗೆ ಸಿಗೋ ಹಿಡಿತದ ಅರ್ಧ ಸಿಕ್ಕಿದ್ರೆ ಹೆಚ್ಚು. ಹಾಗಾಗಿ ರೈಲು ಕಡಿದಾದ ಇಳಿಜಾರು ಹತ್ತಲಾರದು, ಇಳಿಯಲಾರದು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಇಳಿಜಾರು 50ಕ್ಕೆ 1. ಅಂದ್ರೆ 50 ಮೀಟರ್ ಮುಂದೆ ಹೋದ್ರೆ ಒಂದೇ ಒಂದು ಮೀಟರ್ ಇಳಿಯೋದು. ಕೋನ ಲೆಕ್ಕ ಹಾಕಿ, ಒಂದು ಡಿಗ್ರಿಗಿಂತ ಚೂರು ಜಾಸ್ತಿ ಬರುತ್ತೆ. ನೋಡೋಕೆ ಸಮತಟ್ಟು ಅನ್ನಿಸೋ ಈ ಇಳಿಜಾರು ರೈಲಿನ ಲೆಕ್ಕದಲ್ಲಿ ಬಹಳ ಕಡಿದು. ಮೇಲೆ ಹತ್ತುವಾಗ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಹಾಕ್ತಾರೆ. ಇಳಿಯುವಾಗ ತಾಸಿಗೆ 30 ಕಿಲೋಮೀಟರ್ ಆಸುಪಾಸಿನ ವೇಗ.

ಇಷ್ಟು ನಿಧಾನವಾಗಿ ಇಳಿಬೇಕು ಅಂದ್ರೆ ದಾರಿ ಉದ್ದ ಆಗಲೇಬೇಕು. ಅದಕ್ಕೇ ಹಳಿ ಕಣಿವೆಯ ತಳಕ್ಕೆ ಇಳಿಯದೆ ಬೆಟ್ಟದ ಪಕ್ಕೆಯನ್ನೇ ಹಿಡ್ಕೊಂಡು, ಗುಡ್ಡ ಅಡ್ಡ ಬಂದ್ರೆ ಕೊರ್ಕೊಂಡು, ಹಳ್ಳ ಬಂದ್ರೆ ಮೇಲೆ ಹಾರ್ಕೊಂಡು ಹೋಗುತ್ತೆ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಕತ್ತಲು, ತಟ್ಟನೆ ಬೆಳಕು, ಕೆಳಗೆ ಆಳದಲ್ಲಿ ಕಾಡು, ಮತ್ತೆ ಕತ್ತಲು. ರಸ್ತೆಗೆ ಈ ಕಷ್ಟ ಇಲ್ಲ. ಅದು ಬೇಗ ಬೇಗ ತಿರುಗಿ ಕೆಳಗಿಳಿದು ಕೆಂಪುಹೊಳೆಯ ಪಕ್ಕ ಸೇರ್ಕೊಂಡುಬಿಡುತ್ತೆ. ಹೊಳೆ ಚೆನ್ನಾಗೇ ಇದೆ, ಆದ್ರೆ ಬಸ್ಸಿಂದ ತಲೆ ಎತ್ತಿ ನೋಡಬೇಕು, ಕಾಣೋದು ಮರದ ಬುಡ ಮತ್ತೆ ಮುಂದಿರೋ ಲಾರಿಯ ಬೆನ್ನು. ಕಣಿವೆಯನ್ನ ಮೇಲಿಂದ ನೋಡೋ ಸೌಭಾಗ್ಯ ರೈಲಿಗೆ ಸಿಕ್ಕಿದ್ದು ಅದಕ್ಕೆ ಬೆಟ್ಟ ಹತ್ತೋ ಶಕ್ತಿ ಕಮ್ಮಿ ಇರೋದ್ರಿಂದ. ಮೆಕ್ಯಾನಿಕ್ಸ್ ಪಾಠದಲ್ಲಿ ಘರ್ಷಣೆ ಓದಿದಾಗ ಇದನ್ನ ಯಾರಾದ್ರೂ ಹೇಳಿದ್ರೆ ನಾವು ಇನ್ನೂ ನಾಲ್ಕು ಮಾರ್ಕ್ಸ್ ಜಾಸ್ತಿ ತಗೋತಿದ್ವೇನೋ.

ಈ ದಾರಿ ಸುಲಭವಾಗಿ ಸಿಕ್ಕಿದ್ದೂ ಅಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಶುರುವಾಗಿದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡೋಕೆ ಅಂತ ತೊಂಬತ್ತರ ದಶಕದಲ್ಲಿ ಮುಚ್ಚಿದ್ರು. ಜನ ಮತ್ತೆ ರೈಲು ಹತ್ತಿದ್ದು 2007ರ ಡಿಸೆಂಬರಲ್ಲಿ. ಬೆಂಗಳೂರಿಂದ ಕುಣಿಗಲ್, ಶ್ರವಣಬೆಳಗೊಳ ಮೇಲೆ ಹಾಸನಕ್ಕೆ ನೇರ ಹಳಿ ಬಂದಿದ್ದು 2017ರಲ್ಲಿ. 2025ರಲ್ಲಿ ಘಾಟಿಯ ವಿದ್ಯುದೀಕರಣಕ್ಕೆ ಅಂತ ಹಗಲು ರೈಲುಗಳನ್ನ ತಿಂಗಳುಗಟ್ಟಲೆ ನಿಲ್ಲಿಸಿದ್ರು. ನಮ್ಮ ಕ್ಲಾಸಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ. ರಾತ್ರಿ ಬಸ್ಸು ಓಡ್ತಾ ಇತ್ತಲ್ಲ, ಸಾಕು.

ಹಾಗಂತ ಎಲ್ಲಾ ಕಡೆ ರೈಲೇ ಹೆಚ್ಚು ಅಂತ ನಾವು ಹೇಳಲ್ಲ. ಕ್ಯಾಸಲ್‌ರಾಕ್ ದಾಟಿ ಗೋವಾ ಕಡೆ ಇಳಿಯುವಾಗ ದೂಧಸಾಗರದ ಎದುರಿಗೇ ರೈಲು ಹಾದುಹೋಗುತ್ತೆ, ಅಲ್ಲಿ ಬಸ್ಸಿನ ಮಾತೇ ಇಲ್ಲ. ಆದ್ರೆ ಆಗುಂಬೆಗೆ ರೈಲಿಲ್ಲ. ಚಾರ್ಮಾಡಿಗೆ ಇಲ್ಲ. ಕೊಡಗು ಜಿಲ್ಲೆಯಲ್ಲಿ ಹಳಿಯೇ ಇಲ್ಲ. ಅಲ್ಲೆಲ್ಲ ಬಸ್ಸೇ ದೇವರು. ಆಗುಂಬೆಯ ತಿರುವಿನಲ್ಲಿ ಆ ಸಣ್ಣ ಬಸ್ಸುಗಳು ಒಂದಕ್ಕೊಂದು ದಾರಿ ಬಿಡೋದು ನೋಡಿದವರಿಗೆ ಡ್ರೈವರ್ ಅಣ್ಣಂದಿರ ಮೇಲೆ ಗೌರವ ಬರದೇ ಇರಲ್ಲ.

ಬಸ್ಸಿನ ಪರ ಇನ್ನೂ ದೊಡ್ಡ ಸಾಕ್ಷಿ ನಮ್ಮಜ್ಜಿ. ಶಕ್ತಿ ಯೋಜನೆ ಬಂದಿದ್ದು 2023ರ ಜೂನಲ್ಲಿ. ಅದಾದ ಮೇಲೆ ಒಂದು ದಿನ ಅಜ್ಜಿ ಬೀದಿಯ ಇನ್ನೂ ಐದಾರು ಹೆಂಗಸರ ಜೊತೆ ಧರ್ಮಸ್ಥಳಕ್ಕೆ ಹೊರಟುಬಿಟ್ರು. ಬೂದಿಕೋಟೆಯಿಂದ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಧರ್ಮಸ್ಥಳ, ಎಲ್ಲಾ ಕೆಂಪು ಬಸ್ಸಲ್ಲೇ, ಹಗಲಲ್ಲೇ. ಅಲ್ಲಿವರೆಗೂ ಅಜ್ಜಿ ನೋಡಿದ್ದ ದೊಡ್ಡ ಬೆಟ್ಟ ಅಂದ್ರೆ ಅಂತರಗಂಗೆ. ವಾಪಸ್ ಬಂದ ಮೇಲೆ ಒಂದು ವಾರ ದೇವರ ವಿಷಯಕ್ಕಿಂತ ದಾರಿ ವಿಷಯವೇ ಜಾಸ್ತಿ ಹೇಳಿದ್ರು. "ಮೋಡ ಬಸ್ಸೊಳಗೆ ಬಂತು ಕಣೋ" ಅಂದ್ರು. ಕಿಟಕಿ ತೆಗೆದಿತ್ತು, ಅದಕ್ಕೇ ಬಂತು.

ಅಜ್ಜಿಯ ಮಾತಲ್ಲಿ ನಮಗೆ ಬೇಕಾದ ಉತ್ತರ ಇದೆ ಅನ್ಸುತ್ತೆ. ಹಗಲು ಇತ್ತು, ಕಿಟಕಿ ತೆಗೆದಿತ್ತು, ಕೂರೋಕೆ ಜಾಗ ಇತ್ತು. ಈ ಮೂರೂ ಇದ್ರೆ ಬಸ್ಸೂ ಚೆಂದ, ರೈಲೂ ಚೆಂದ. ಮೂರೂ ಇಲ್ಲದಿದ್ರೆ ರೈಲಿನ ಎಸಿ ಬೋಗಿಯ ಕಪ್ಪು ಗಾಜಿನ ಹಿಂದೆ ಕೂತರೂ ಅಷ್ಟೇ, ಸ್ಲೀಪರ್ ಬಸ್ಸಲ್ಲಿ ಮಲಗಿದ್ರೂ ಅಷ್ಟೇ. ಈ ದಾರಿಯ ಹಗಲು ರೈಲಿಗೆ 2021ರ ಜುಲೈನಲ್ಲಿ ವಿಸ್ಟಾಡೋಮ್ ಬೋಗಿ ಸೇರಿಸಿದ್ರು. ದೊಡ್ಡ ಗಾಜು, ತಿರುಗೋ ಸೀಟು, ಒಟ್ಟು 44 ಜನಕ್ಕೆ ಜಾಗ, ಟಿಕೆಟ್ ಸಾವಿರ ರೂಪಾಯಿ ಮೇಲೆ. ಚೆನ್ನಾಗಿರಬಹುದು. ಆದ್ರೆ ಅದೇ ರೈಲಿನ ಸಾಮಾನ್ಯ ಸೀಟಿಂಗ್ ಬೋಗಿಯಲ್ಲಿ ಇನ್ನೂರು ರೂಪಾಯಿ ಆಸುಪಾಸಲ್ಲಿ ಅದೇ ಕಣಿವೆ, ಅದೇ ಸುರಂಗ, ಜೊತೆಗೆ ಗಾಜಿಲ್ಲದ ಕಿಟಕಿ. ಸುರಂಗದೊಳಗೆ ಎಲ್ಲರೂ ಸೇರಿ ಕೂಗಿದ್ರೂ ಯಾರೂ ಬೈಯಲ್ಲ. ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಬೋಗಿ.

ಈಗ ನಿಜವಾದ ವಿಷಯಕ್ಕೆ ಬರ್ತೀವಿ. ಇಷ್ಟೆಲ್ಲ ಹಠ ಯಾಕೆ ಅಂತ ಕೇಳಿದ್ರೆ, ನಮ್ಮಪ್ಪನ ಕಾರಣಕ್ಕೆ.

ನಮ್ಮ ಕಡೆಯ ಎಷ್ಟೋ ಮನೆಗಳ ಥರ ನಮ್ಮ ಮನೆಯೂ ಬೆಂಗಳೂರಿನ ಸಂಬಳದ ಮೇಲೆ ನಡೆಯೋದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಕಡೆಯವರಂತೂ ಬೆಳಿಗ್ಗೆ ಎದ್ದರೆ ರೈಲಿನ ದಿಕ್ಕಿಗೇ ನಡೀತಾರೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಹತ್ತಿದವರು ಬಂಗಾರಪೇಟೆಗೆ ಬರೋ ಹೊತ್ತಿಗೆ ಸೀಟೆಲ್ಲ ತುಂಬಿರುತ್ತೆ. ಅಲ್ಲಿ ಹತ್ತೋರು ನಮ್ಮಪ್ಪ. ನಸುಕಿನಲ್ಲಿ ಮನೆಯಿಂದ ಬೈಕಲ್ಲಿ ಬಂಗಾರಪೇಟೆ, ಗಾಡಿ ನಿಲ್ಲಿಸಿ ರೈಲು, ಬೆಂಗಳೂರು ಹತ್ತಿರದ ಒಂದು ಫ್ಯಾಕ್ಟರಿ, ವಾಪಸ್ ಬರೋ ಹೊತ್ತಿಗೆ ರಾತ್ರಿ. ಹದಿನೆಂಟು ವರ್ಷದಿಂದ ಹೀಗೇ. ಬೆಂಗಳೂರಿಂದ ಜೋಲಾರಪೇಟೆಗೆ ಹೋಗೋ ಈ ಹಳಿ 1864ರಷ್ಟು ಹಳೇದು. ಅದರ ಮೇಲೆ ನಮ್ಮಪ್ಪನಷ್ಟು ಓಡಾಡಿದವರು ಈ ಕಾಲೇಜಲ್ಲಂತೂ ಯಾರೂ ಇರಲಿಕ್ಕಿಲ್ಲ.

ಈ ದಾರಿಯಲ್ಲಿ ಟೇಕಲ್ ಅಂತ ಒಂದು ಸ್ಟೇಷನ್ ಬರುತ್ತೆ. ನಿಮ್ಮಲ್ಲಿ ತುಂಬಾ ಜನ ದಾಟಿರ್ತೀರಿ. ಸುತ್ತ ಬಂಡೆ ಬೆಟ್ಟಗಳು. ಯಾರೋ ಆಟಕ್ಕೆ ಅಂತ ಒಂದರ ಮೇಲೊಂದು ಪೇರಿಸಿಟ್ಟು ಊಟಕ್ಕೆ ಎದ್ದು ಹೋದ ಹಾಗೆ ದೊಡ್ಡ ದೊಡ್ಡ ಬಂಡೆ. ನಾವು ಮೊದಲ ವರ್ಷಕ್ಕೆ ಸೇರುವಾಗ ಅಡ್ಮಿಷನ್ ಕೆಲಸಕ್ಕೆ ಅಪ್ಪನ ಜೊತೆ ಬೆಂಗಳೂರಿಗೆ ಹೋಗಬೇಕಾಯ್ತು. ಅಪ್ಪ ರಜೆ ಹಾಕಿದ್ರು. ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ, ಹತ್ತು ಗಂಟೆ ದಾಟಿದ ಹೊತ್ತಿನ ರೈಲು. ಬೋಗಿ ಅರ್ಧ ಖಾಲಿ. ಅಪ್ಪನಿಗೆ ಕಿಟಕಿ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿಗೆ ಹೊರಗೆ ನೋಡ್ತಾ, "ಇದ್ಯಾವ ಊರೋ?" ಅಂದ್ರು.

ತಮಾಷೆ ಮಾಡ್ತಿದಾರೆ ಅಂದ್ಕೊಂಡ್ವಿ. "ಟೇಕಲ್ ಅಲ್ವಾ ಅಪ್ಪಾ" ಅಂದ್ವಿ. ಅವರು ಬೋರ್ಡ್ ಬರೋವರೆಗೂ ನಂಬಲಿಲ್ಲ. ಆಮೇಲೆ ಹೇಳಿದ್ರು: ಬೆಳಿಗ್ಗೆ ಹೋಗುವಾಗ ಕತ್ತಲು, ಚಳಿಗೆ ಷಟರ್ ಇಳಿಸಿರ್ತಾರೆ. ಬೆಳಕಿರೋ ತಿಂಗಳಲ್ಲೂ ನಿಂತವರ ಮಧ್ಯೆ ಎದುರಿನವರ ಬೆನ್ನು ಬಿಟ್ರೆ ಏನೂ ಕಾಣಲ್ಲ. ರಾತ್ರಿ ವಾಪಸ್ ಬರುವಾಗ ನಿಂತಲ್ಲೇ ನಿದ್ದೆ. ಟೇಕಲ್ ಬಂತು ಅಂತ ಅವರಿಗೆ ಗೊತ್ತಾಗೋದು ಅಲ್ಲಿ ಹತ್ತೋ ಒಬ್ಬ ಸಹೋದ್ಯೋಗಿಯ ದನಿಯಿಂದ. ಮಾಲೂರು ಗೊತ್ತಾಗೋದು ತಳ್ಳಾಟ ಜಾಸ್ತಿ ಆಗೋದ್ರಿಂದ. ಹದಿನೆಂಟು ವರ್ಷ ಕಿವಿಯಲ್ಲೇ ಪ್ರಯಾಣ ಮಾಡಿದ್ರು. "ಇಷ್ಟು ದಿನ ಇದು ಇಲ್ಲೇ ಇತ್ತಾ" ಅಂತ ಒಂದು ಸಲ ಅಂದ್ರು. ವೈಟ್‌ಫೀಲ್ಡ್ ಬರೋವರೆಗೂ ಮತ್ತೆ ಮಾತಾಡಲಿಲ್ಲ. ವೈಟ್‌ಫೀಲ್ಡ್ ಬಂದ ತಕ್ಷಣ ಅಭ್ಯಾಸಬಲಕ್ಕೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ್ಕೊಂಡ್ರು.

ಆವತ್ತಿಂದ ನಮಗೆ "ದಾರಿ ನೋಡ್ಕೊಂಡು ಹೋಗೋದು ಟೈಮ್ ವೇಸ್ಟ್" ಅನ್ನೋ ಮಾತು ಕೇಳಿದ್ರೆ ಸ್ವಲ್ಪ ಕೋಪ ಬರುತ್ತೆ. ಹೊರಗೆ ನೋಡೋಕೆ ಸೀಟು ಬೇಕು, ಬೆಳಕು ಬೇಕು, ಲೇಟ್ ಆದ್ರೆ ಸಂಬಳ ಹಿಡಿಯಲ್ಲ ಅನ್ನೋ ಧೈರ್ಯ ಬೇಕು. ನಮ್ಮಪ್ಪನಿಗೆ ಈ ಮೂರೂ ಒಟ್ಟಿಗೆ ಸಿಕ್ಕಿದ್ದು ಹದಿನೆಂಟು ವರ್ಷದಲ್ಲಿ ಒಂದು ದಿನ. ನಮಗೆ ಈ ನಾಲ್ಕು ವರ್ಷ ಸುಮ್ಮನೆ ಸಿಕ್ಕಿದೆ. ಪ್ಲೇಸ್‌ಮೆಂಟ್ ಆದ ಮೇಲೆ ನಾವೂ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್ ಬರೋ ಜನವೇ. ಆಗ ಸ್ಲೀಪರ್ ಬಸ್ಸು ಬಿಟ್ರೆ ಗತಿ ಇರಲ್ಲ. ರಜೆ ಇರುವಾಗಲೂ, ಯಾರೂ ಹಾಜರಿ ಕೇಳದೇ ಇರುವಾಗಲೂ ಆ ಅವಸರದ ಅಭ್ಯಾಸವನ್ನ ಈಗಲೇ ಯಾಕೆ ಮಾಡ್ಕೋಬೇಕು?

ಆಕ್ಷೇಪಣೆಗಳಿಗೆ ಉತ್ತರ ಕೊಟ್ಟುಬಿಡ್ತೀವಿ. ಮಳೆಗಾಲದಲ್ಲಿ ರೈಲು ನಿಂತುಹೋದ್ರೆ? ನಿಲ್ಲುತ್ತೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಕುಸಿದು ದಿನಗಟ್ಟಲೆ ರೈಲಿರಲಿಲ್ಲ. ಅದೇ ಮಳೆಗೆ ಸಕಲೇಶಪುರದ ಹತ್ತಿರ ಹೆದ್ದಾರಿ ಮೇಲೂ ಗುಡ್ಡ ಜರಿದಿತ್ತು. ಬೆಟ್ಟಕ್ಕೆ ಬಸ್ಸು, ರೈಲು ಅಂತ ಭೇದ ಇಲ್ಲ. ಮಳೆ ಜೋರಾಗಿರೋ ವಾರದಲ್ಲಿ ಎರಡೂ ಬೇಡ. ಇನ್ನು ರಾತ್ರಿ ಬಸ್ಸಿಗೆ ದುಡ್ಡು ಉಳಿಯುತ್ತೆ ಅನ್ನೋದು. ರೂಮ್ ಬಾಡಿಗೆ ಉಳಿಯುತ್ತೆ ನಿಜ, ಆದ್ರೆ ಎಸಿ ಸ್ಲೀಪರ್ ಟಿಕೆಟ್ಟಿನ ರೇಟಿಗೂ ರೈಲಿನ ಸೀಟಿಂಗ್ ಟಿಕೆಟ್ಟಿನ ರೇಟಿಗೂ ಇರೋ ವ್ಯತ್ಯಾಸ ಬಿಡಿಸಿ ಹೇಳಬೇಕಾ? ರಾತ್ರಿ ಪೂರ್ತಿ ಉರುಳಾಡಿ ಬೆಳಿಗ್ಗೆ ಇಳಿದವರು ಮಧ್ಯಾಹ್ನದವರೆಗೂ ರೂಮಲ್ಲಿ ಮಲಗೋದನ್ನ ಹೋದ ಟ್ರಿಪ್ಪಲ್ಲೇ ನೋಡಿದೀವಿ. ಉಳಿಸಿದ ದಿನ ಅಲ್ಲೇ ಮುಗೀತು.

ನಮ್ಮ ಸಲಹೆ ಇದು. ಹೋಗುವಾಗ ಹಗಲು ರೈಲು. ಬರುವಾಗ ಹಗಲು ಬಸ್ಸು, ಅದೂ ಸಾದಾ ಕರ್ನಾಟಕ ಸಾರಿಗೆ. ಹುಡುಗಿಯರಿಗೆ ಟಿಕೆಟ್ ದುಡ್ಡೇ ಬೇಡ, ಆಧಾರ್ ಕಾರ್ಡ್ ಮರೀಬೇಡಿ. ಮೇಲಿಂದ ನೋಡಿದ ಕಣಿವೆಯನ್ನ ಬರುವಾಗ ಕೆಳಗಿಂದ, ಕೆಂಪುಹೊಳೆ ಪಕ್ಕದಿಂದ ನೋಡಿದ ಹಾಗಾಯ್ತು. ನಾವು ಆ ಬಸ್ಸಲ್ಲಿ ಬರೋ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಬೆಂಗಳೂರು ದಾಟಿದ ಮೇಲೆ ಅದೇ ರಸ್ತೆ ನಮ್ಮ ಕೋಲಾರದ ಮೇಲೇ ಮುಂದಕ್ಕೆ ಹೋಗುತ್ತೆ. ಯಶವಂತಪುರದಲ್ಲಿ ಬೆಳಿಗ್ಗೆ ಇರೋದು ಹೇಗೆ ಅನ್ನೋದಕ್ಕೆ, ಬೆಂಗಳೂರಲ್ಲಿ ಮನೆ ಇರೋ ಕ್ಲಾಸ್‌ಮೇಟ್ಸ್ ದಯವಿಟ್ಟು ಕೈ ಎತ್ತಿ. ಚಾಪೆ ನಾವೇ ತರ್ತೀವಿ. ಯಾವ ದಿನ ಹಗಲು ರೈಲು ಇದೆ ಅಂತ ನೋಡ್ಕೊಂಡು ತಾರೀಖು ಇಡೋಣ.

ಅಷ್ಟು ದೂರದ ಟ್ರಿಪ್ಪಿಗೆ ಬರೋಕಾಗದವರಿಗೆ ಒಂದು ಭಾನುವಾರದ ಕೆಲಸ ಹೇಳ್ತೀವಿ. ಬಂಗಾರಪೇಟೆಯಲ್ಲಿ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗೋ ರೈಲು ಹತ್ತಿ. ಒಂದು ಕಾಲಕ್ಕೆ ನ್ಯಾರೋ ಗೇಜ್ ಇದ್ದ ಹಳಿ. ಮಾವಿನ ತೋಪು, ಕೆರೆ, ರೇಷ್ಮೆ ಸೊಪ್ಪಿನ ತೋಟ, ಕೊನೆಗೆ ನಂದಿ ಕಡೆಯ ಬೆಟ್ಟಗಳು. ಸುರಂಗ ಇಲ್ಲ, ಜಲಪಾತ ಇಲ್ಲ, ರೀಲ್ಸ್‌ಗೆ ಅಷ್ಟೇನೂ ಆಗಲ್ಲ. ಸುಮ್ಮನೆ ನಮ್ಮ ಜಿಲ್ಲೆ, ಹಗಲಲ್ಲಿ.

ಪೋಲ್ ಶುಕ್ರವಾರದವರೆಗೂ ತೆರೆದಿರುತ್ತೆ ಅಂತ ಸಿಆರ್ ಹೇಳಿದಾರೆ. ವೋಟು ಬದಲಾಯಿಸೋಕೆ ಆಗುತ್ತೆ, ನಾವು ನೋಡಿದೀವಿ. ಕೈತಪ್ಪಿ ರೈಲಿಗೆ ಒತ್ತಿದ ಮಹಾನುಭಾವರೇ, ನೀವು ಮಾತ್ರ ದಯವಿಟ್ಟು ಬದಲಾಯಿಸಬೇಡಿ.